ಬೆನ್ನೆಲುಬು ಮತ್ತು ಅದರ ಬಳಗ

(ಬೆಳ್ಳಿಹಬ್ಬದ ನಿಮಿತ್ತ ಏರ್ಪಡಿಸಿದ್ದ ಸಭೆಯಲ್ಲಿ ವೈದ್ಯರೊಬ್ಬರು ಮಾಡಿದ ಭಾಷಣ)



ರೈತ ದೇಶದ ಬೆನ್ನೆಲುಬು ಅಂತ ಎಲ್ಲ ಸಭೆಯೊಳಗೂ ಹೇಳ್ತೇವಿ. ರೈತನ ಬೆನ್ನೆಲುಬಿನ ಬಗ್ಗೆ ಮಾತ್ರ ಯಾರೂ ಮಾತಾಡೋದಿಲ್ಲ. ಇವತ್ತು ಅದನ್ನೇ ಮಾತಾಡೋಣ.

ಬೆನ್ನೆಲುಬು ಒಂದೇ ಕೋಲಲ್ಲ. ಅದು 33 ಮಣಿಗಳ ಸಾಲು. ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ನಡದಲ್ಲಿ 5. ಅದರ ಕೆಳಗಿನ 5 ದೊಡ್ಡವರಾಗುವಷ್ಟರಲ್ಲಿ ಒಂದೇ ಎಲುಬಾಗಿ ಕೂಡುತ್ತವೆ. ತುದಿಯ 4 ಕೂಡಿ ಬಾಲದೆಲುಬು. ಮೇಲಿನ ಭಾರವೆಲ್ಲ ನಡದ ಮೇಲೆ ಬೀಳುವುದರಿಂದ ಅಲ್ಲಿಯ ಐದು ಮಣಿಗಳು ದಪ್ಪ. ಮಣಿಗಳೊಳಗಿನ ಕೊಳವೆಯಲ್ಲಿ ಬೆನ್ನುಹುರಿ ಇಳಿದು ಬರುತ್ತದೆ. ಅದರಿಂದ 31 ಜೊತೆ ನರಗಳು ಮೈಗೆಲ್ಲ ಹರಡುತ್ತವೆ.

ಮಣಿಗಳ ನಡುವೆ 23 ಮೆತ್ತನೆಯ ಬಿಲ್ಲೆಗಳಿವೆ. ಇವೇ ಡಿಸ್ಕ್. ಹೊರಗೆ ನಾರಿನ ಸುತ್ತು, ಒಳಗೆ ಲೋಳೆಯಂಥ ತಿರುಳು. ಹಗಲು ಭಾರ ಬಿದ್ದು ಇವು ತೆಳ್ಳಗಾಗುತ್ತವೆ, ರಾತ್ರಿ ಮಲಗಿದಾಗ ನೀರು ಹೀರಿ ಉಬ್ಬುತ್ತವೆ. ಸಂಜೆಗಿಂತ ಬೆಳಿಗ್ಗೆ ನಾವು ಸುಮಾರು ಒಂದು ಸೆಂಟಿಮೀಟರ್ ಎತ್ತರ ಇರ್ತೇವಿ!

ಆದರೆ ಎಲುಬು, ಬಿಲ್ಲೆ ಎರಡರಿಂದಲೇ ಬೆನ್ನು ನಿಲ್ಲದು. ನಿಮ್ಮೂರ ಜಾತ್ರೆಯಲ್ಲಿ ಡೇರೆ ಹೊಡೆಯೋದನ್ನ ನೋಡೀರಿ. ಕಂಬ ಎಷ್ಟೇ ಗಟ್ಟಿಯಿರಲಿ, ನಾಲ್ಕೂ ಕಡೆ ಹಗ್ಗ ಬಿಗಿಯದಿದ್ದರೆ ಗಾಳಿಗೆ ಬೀಳ್ತದ. ಮಣಿಯಿಂದ ಮಣಿಗೆ ಬಿಗಿದ ನಾರುಗಳು, ಬೆನ್ನಿನ, ಹೊಟ್ಟೆಯ, ತೊಡೆಯ ಸ್ನಾಯುಗಳು, ಇವೇ ಆ ಹಗ್ಗಗಳು.

ಕೈ ಮುಂದೆ ಚಾಚಿ, ನಡ ಬಾಗಿಸಿ, ಮೈ ತಿರುವಿ ಚೀಲ ಎತ್ತಿದರೆ ಚೀಲದ ತೂಕದ ಹಲವು ಪಟ್ಟು ಒತ್ತಡ ನಡದ ಮೇಲೆ ಬೀಳುತ್ತದೆ. ನಾರಿನ ಸುತ್ತು ಹರಿದು ತಿರುಳು ಹೊರಚಾಚಿ ನರವನ್ನು ಒತ್ತಿದರೆ ಕುಂಡಿಯಿಂದ ಹಿಮ್ಮಡಿವರೆಗೆ ಸೆಳೆತ. ಆದ್ದರಿಂದ ಮೊಣಕಾಲು ಮಡಚಿ, ಚೀಲವನ್ನು ಎದೆಗವಚಿ, ಕಾಲಿನ ಬಲದಿಂದ ಏಳಿರಿ. ಗಂಡಾಳಿಗೂ 55 ಕಿಲೋಕ್ಕಿಂತ ಹೆಚ್ಚು ಹೊರಿಸಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿದೆ. ಯೂರಿಯಾ ಚೀಲ 2018ರಿಂದ 45 ಕಿಲೋಕ್ಕೆ ಇಳಿದಿದೆ. ಅದು ಗೊಬ್ಬರದ ಬಳಕೆ ತಗ್ಗಲೆಂದು. ಆದರೂ ಬೆನ್ನಿಗೆ ಲಾಭವೇ. ಸಂಘಕ್ಕೆ ನನ್ನದೊಂದು ಬಿನ್ನಹ: ಗುದಾಮಿನ ಕಟ್ಟೆ ಟ್ರೇಲರಿನ ಎತ್ತರಕ್ಕಿರಲಿ, ಒಂದು ಕೈಗಾಡಿ ಇರಲಿ.

ತಾಯಂದಿರೇ, ನೀರಿನ ಕೊಡವನ್ನು ಸದಾ ಒಂದೇ ಟೊಂಕದ ಮೇಲೆ ಹೊರಬೇಡಿರಿ. ಕಸ ತೆಗೆಯುವಾಗ ಆಗಾಗ ಎದ್ದು ನಿಂತು ಮೈ ಸಡಿಲಿಸಿರಿ.

ನಡ ಹಿಡಿದರೆ ಹೆದರಬೇಡಿರಿ. ಬಹಳಷ್ಟು ನೋವು ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಹಾಸಿಗೆ ಹಿಡಿಯದೆ ಮೆಲ್ಲಗೆ ಅಡ್ಡಾಡಿರಿ. ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಳ್ಳುವುದು ಮಾತ್ರ ಬೇಡ. ಹಾಗೆ ಒದೆಸಿಕೊಂಡು, ಮೂತ್ರ ಕಟ್ಟಿದ ಮೇಲೂ ನಾಲ್ಕು ದಿನ ಕಾದು ಬಂದ ಹಮಾಲನೊಬ್ಬನನ್ನು ನೋಡಿದ್ದೇನೆ. ಅವನ ಕಾಲಿಗೆ ಮೊದಲಿನ ಶಕ್ತಿ ಮರಳಲಿಲ್ಲ. ಮೂತ್ರ ಕಟ್ಟಿದರೆ, ಪಾದ ಎತ್ತಲಾಗದಿದ್ದರೆ, ಕೂಡುವ ಜಾಗ ಜೋಮು ಹಿಡಿದರೆ ಅವತ್ತೇ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ನಡೆಯಿರಿ. ನೋವಿನ ಜೊತೆ ಸಂಜೆ ಜ್ವರ ಬಂದು ಮೈ ಸೊರಗಿದರೆ ಅದು ಬೆನ್ನೆಲುಬಿನ ಕ್ಷಯವೂ ಇರಬಹುದು. ಸರಕಾರಿ ಆಸ್ಪತ್ರೆಯಲ್ಲಿ ಕ್ಷಯಕ್ಕೆ ಔಷಧ ಉಚಿತ.

1905ರಲ್ಲಿ ನಮ್ಮ ಹಳೆಯ ಧಾರವಾಡ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಒಬ್ಬನ ಹೊರೆಗೆ ಹತ್ತು ಮಂದಿ ಹೆಗಲು ಕೊಡಲೆಂದು. ಬೆನ್ನೆಲುಬು ನಿಂತಿರುವುದೂ ಹಾಗೆಯೇ. ಇನ್ನು ಚೀಲ ಎತ್ತುವಾಗ ಪಕ್ಕದವರನ್ನು ಕರೆಯಲು ನಾಚಬೇಡಿರಿ.