ಎರವಲು ತಂದ ಸಲಕರಣೆ ಮುರಿದರೆ ಜವಾಬು ಯಾರದು?

(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಶಿಕ್ಷಣದ ವೇದಿಕೆಯಲ್ಲಿ ಸ್ಪ್ಯಾನರು, ಡ್ರಿಲ್ಲಿಂಗ್ ಮೆಷಿನ್ನಿನ ಮಾತೇಕೆ ಎಂದು ನೀವು ಕೇಳಬಹುದು. ನಮ್ಮ ಶಾಲೆ ಬಿಟ್ಟ ಮಕ್ಕಳೆಲ್ಲರೂ ಕಾಲೇಜಿಗೆ ಹೋಗುವುದಿಲ್ಲ. ಕೆಲವರು ಗ್ಯಾರೇಜಿಗೆ, ವೆಲ್ಡಿಂಗ್ ಶಾಪಿಗೆ, ಬಡಗಿ ಕೆಲಸಕ್ಕೆ ಸೇರುತ್ತಾರೆ. ಮೊದಮೊದಲು ಅವರ ಬಳಿ ಸ್ವಂತದ್ದೆಂದು ಒಂದು ಸ್ಕ್ರೂಡ್ರೈವರೂ ಇರುವುದಿಲ್ಲ. ಎಲ್ಲವೂ ಎರವಲು. ಅದು ಮುರಿದ ದಿನ ವಾರದ ಸಂಬಳವೂ ಹೋಗಬಹುದು, ಹೆಸರೂ ಹೋಗಬಹುದು.

ನಾನು ಉರ್ದು, ಕನ್ನಡ ಎರಡನ್ನೂ ಪಾಠ ಮಾಡುತ್ತೇನೆ. ಹಾಗಾಗಿ ಪದದಿಂದಲೇ ಆರಂಭಿಸುತ್ತೇನೆ. 'ಅಮಾನತು' ಎಂದರೆ ಕನ್ನಡ ಪತ್ರಿಕೆಗಳಲ್ಲಿ ನೌಕರನನ್ನು ತಾತ್ಕಾಲಿಕವಾಗಿ ಕೆಲಸದಿಂದ ದೂರವಿಡುವುದು. ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ಇನ್ನು 'ಜವಾಬ್ದಾರಿ'. ಜವಾಬು ಎಂದರೆ ಉತ್ತರ. ಜವಾಬ್ದಾರ ಎಂದರೆ ಉತ್ತರ ಹೇಳಬೇಕಾದವನು. ದುಡ್ಡು ತೆರುವ ಮಾತು ಆಮೇಲಿನದು, ಉತ್ತರ ಹೇಳುವುದು ಮೊದಲಿನದು. ಇದನ್ನು ನೆನಪಿಡಿ.

ಕ್ರಿ.ಶ. 630ರಲ್ಲಿ, ಹುನೈನ್ ಯುದ್ಧಕ್ಕೆ ಮೊದಲು, ಪ್ರವಾದಿಯವರು (ಸ) ಸಫ್ವಾನ್ ಬಿನ್ ಉಮಯ್ಯಾ ಅವರಿಂದ ಯುದ್ಧಕವಚಗಳನ್ನು ಎರವಲು ಪಡೆದರು. ಸಫ್ವಾನ್ ಆಗ ಇನ್ನೂ ಇಸ್ಲಾಂ ಸ್ವೀಕರಿಸಿರಲಿಲ್ಲ. ಇದು ಬಲವಂತದ ವಶವೇ ಎಂದು ಕೇಳಿದರು. ಅಲ್ಲ, ಹೊಣೆ ಹೊತ್ತು ಪಡೆಯುವ ಎರವಲು ಎಂಬ ಉತ್ತರ ಬಂತು. ಕೆಲವು ಕವಚಗಳು ಕಳೆದುಹೋದಾಗ ಪ್ರವಾದಿಯವರೇ ಮುಂದಾಗಿ ಪರಿಹಾರದ ಮಾತೆತ್ತಿದರು, ಸಫ್ವಾನ್ ಬೇಡವೆಂದರು. ಯಾರು ಮೊದಲು ಬಾಯಿ ತೆರೆದರು ನೋಡಿ. ಕೊಟ್ಟವರಲ್ಲ, ಪಡೆದವರು.

ಹಾಗಾದರೆ ಮುರಿದದ್ದಕ್ಕೆಲ್ಲ ಹಣ ಕೊಡಬೇಕೇ? ಇಲ್ಲಿ ಇಮಾಮರಲ್ಲಿ ಭಿನ್ನಾಭಿಪ್ರಾಯವಿದೆ. ಘಟ್ಟದ ಮೇಲೆ ಹೆಚ್ಚಾಗಿರುವ ಹನಫಿಗಳ ಪ್ರಕಾರ ಎರವಲು ವಸ್ತು ಅಮಾನತ್. ಮಿತಿ ಮೀರಿ ಬಳಸದೆ, ಅಲಕ್ಷ್ಯ ಮಾಡದೆ ಹಾಳಾದರೆ ಪರಿಹಾರವಿಲ್ಲ. ಕರಾವಳಿಯಲ್ಲಿ ಹೆಚ್ಚಾಗಿರುವ ಶಾಫಿಗಳ ಪ್ರಕಾರ ಪಡೆದವನೇ ಹೊಣೆ. ಆದರೆ ಒಪ್ಪಿಗೆಯಿದ್ದ ಬಳಕೆಯಿಂದಲೇ ಸವೆದರೆ ಹೊಣೆಯಿಲ್ಲ. ಮಿತಿ ಮೀರಿ ಬಳಸಿದವನನ್ನು ಮಾತ್ರ ಇಬ್ಬರೂ ಬಿಡುವುದಿಲ್ಲ.

ನಮ್ಮ ದೇಶದ ಕಾನೂನೂ ಇದಕ್ಕೆ ದೂರವಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 151 ಮತ್ತು 152ನೇ ಕಲಮುಗಳ ಪ್ರಕಾರ, ಸಾಮಾನ್ಯ ವಿವೇಕವುಳ್ಳವನು ತನ್ನ ವಸ್ತುವನ್ನು ನೋಡಿಕೊಳ್ಳುವಷ್ಟು ಜಾಗ್ರತೆ ವಹಿಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ನಷ್ಟಕ್ಕೆ ಹೊಣೆಯಿಲ್ಲ. ಒಪ್ಪಿಕೊಂಡ ಕೆಲಸ ಬಿಟ್ಟು ಬೇರೆಯದಕ್ಕೆ ಬಳಸಿದರೆ 154ನೇ ಕಲಮಿನಂತೆ ಹೊಣೆ. ಕೊಡುವವನಿಗೂ ಕರ್ತವ್ಯವಿದೆ: ತನಗೆ ಗೊತ್ತಿರುವ ದೋಷವನ್ನು ಮೊದಲೇ ತಿಳಿಸಬೇಕೆಂದು 150ನೇ ಕಲಮು ಹೇಳುತ್ತದೆ.

ಈಗ ಕೆಲಸದ ಜಾಗಕ್ಕೆ ಬನ್ನಿ. ಡ್ರಿಲ್ಲಿಂಗ್ ಮೆಷಿನ್ನಿನ ಕಾರ್ಬನ್ ಬ್ರಷ್ ಸವೆದು ಮೆಷಿನ್ನು ನಿಂತರೆ ಅದು ಯಾರ ತಪ್ಪೂ ಅಲ್ಲ, ಸವೆಯುವುದೇ ಅದರ ಗುಣ. ಆದರೆ ಸುಟ್ಟ ವಾಸನೆ ಬಂದ ಮೇಲೂ ಒತ್ತಿ ಓಡಿಸಿ ಆರ್ಮೇಚರ್ ಸುಟ್ಟರೆ ಓಡಿಸಿದವನದೇ ಹೊಣೆ. ಸ್ಪ್ಯಾನರು ಬೋಲ್ಟು ಬಿಚ್ಚುವಾಗ ಬಿರಿದರೆ ಒಂದು ಮಾತು. ಅದರ ಹಿಡಿಗೆ ಉದ್ದದ ಪೈಪು ಸಿಕ್ಕಿಸಿ ಮೂರು ಜನ ನೇತುಬಿದ್ದು ಮುರಿದರೆ ಇನ್ನೊಂದು ಮಾತು. ಡ್ರಿಲ್ ಬಿಟ್, ಹ್ಯಾಕ್ಸಾ ಬ್ಲೇಡು, ಕಟಿಂಗ್ ವೀಲಿನಂತಹ ತೀರಿಹೋಗುವ ವಸ್ತುಗಳನ್ನು ಬಳಸಿದವನೇ ತುಂಬಿಕೊಡುವುದು ಚೆಂದ.

ಎಲ್ಲಕ್ಕಿಂತ ದೊಡ್ಡ ಅಪರಾಧ ಮುರಿಯುವುದಲ್ಲ, ಮುಚ್ಚಿಡುವುದು. ನಾಲ್ಕು ಇಂಚಿನ ಗ್ರೈಂಡರಿನ ಚಕ್ರ ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದು ಕೈಜಾರಿ ಬಿದ್ದು ಬಿರುಕು ಬಿಟ್ಟಿದ್ದನ್ನು ಹೇಳದೆ ಮೊಳೆಗೆ ನೇತುಹಾಕಿ ಮನೆಗೆ ಹೋದರೆ, ಮರುದಿನ ಬೆಳಿಗ್ಗೆ ಅದನ್ನು ಎತ್ತಿಕೊಂಡ ಇನ್ನೊಬ್ಬರ ಮನೆಯ ಮಗನ ಕಣ್ಣು ಹೋಗಬಹುದು. ಆಗ ಯಾವ ಪರಿಹಾರ ಕೊಡುತ್ತೀರಿ?

ಆದರೆ ಹುಡುಗ ಮುಚ್ಚಿಡುವುದೇಕೆ? ಹೆದರಿಕೆಯಿಂದ. ಆ ಹೆದರಿಕೆಯನ್ನು ಹುಟ್ಟಿಸಿದವರು ನಾವು, ದೊಡ್ಡವರು. ಹತ್ತು ವರ್ಷ ದುಡಿದ ಮೆಷಿನ್ನಿಗೆ ಹೊಸದರ ಬೆಲೆ ಕೇಳುವುದು ಇನ್ಸಾಫ್ ಅಲ್ಲ. ಮಾಲೀಕರ ಮಾತಿಗೆ ಬಂದರೆ, ಹಿಂದಿನ 1936ರ ವೇತನ ಪಾವತಿ ಕಾಯ್ದೆಯಲ್ಲೂ, ಅದರ ಸ್ಥಾನಕ್ಕೆ ಬಂದ 2019ರ ವೇತನ ಸಂಹಿತೆಯಲ್ಲೂ ಒಂದೇ ನಿಯಮ: ನೌಕರನ ಅಲಕ್ಷ್ಯದಿಂದ ಆದ ನಷ್ಟವನ್ನು ಮಾತ್ರ ಸಂಬಳದಲ್ಲಿ ಹಿಡಿಯಬಹುದು, ನಷ್ಟಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ, ಅವನ ಮಾತು ಕೇಳದೆ ಹಿಡಿಯುವಂತಿಲ್ಲ.

ವಿದ್ಯಾರ್ಥಿಗಳೇ, ನಾಳೆ ನೀವು ಯಾವ ಕೆಲಸಕ್ಕೆ ಹೋದರೂ ನಾಲ್ಕು ಮಾತು ನೆನಪಿಡಿ. ಸಲಕರಣೆ ಪಡೆಯುವಾಗ ಕೊಟ್ಟವರ ಎದುರಿನಲ್ಲೇ ಒಮ್ಮೆ ಪರೀಕ್ಷಿಸಿ ನೋಡಿ. ಯಾವ ಕೆಲಸಕ್ಕೆ ಕೇಳಿದಿರೋ ಅದಕ್ಕೇ ಬಳಸಿ. ಕೇಳದೆ ಮೂರನೆಯವರ ಕೈಗೆ ಕೊಡಬೇಡಿ. ಮುರಿದರೆ ಅದೇ ಗಳಿಗೆಯಲ್ಲಿ ಹೋಗಿ ಹೇಳಿ. ಉಸ್ತಾದರು ಬೈಯಬಹುದು. ಆದರೆ ಬಂದು ಹೇಳಿದ ಹುಡುಗನ ಕೈಗೆ ಮತ್ತೆ ಸಲಕರಣೆ ಕೊಡುತ್ತಾರೆ.

ವರ್ಕ್‌ಶಾಪಿನ ಹಿರಿಯರೇ, ಗೋಡೆಗೆ ಒಂದು ನೋಟುಬುಕ್ಕು ತೂಗುಹಾಕಿ. ಯಾರು ಒಯ್ದರು, ಯಾವಾಗ ತಂದರು, ಯಾವ ಸ್ಥಿತಿಯಲ್ಲಿತ್ತು, ಇಷ್ಟೇ ಬರೆಯಲಿ. ನಾವು ಕಲಿಸಿದ ಅಕ್ಷರ ಅಲ್ಲಿಯೂ ಉಪಯೋಗಕ್ಕೆ ಬರುತ್ತದೆ, ಅರ್ಧ ಜಗಳ ಅಲ್ಲೇ ತೀರುತ್ತದೆ.

ಪೋಷಕರಲ್ಲಿ ನನ್ನದೊಂದೇ ವಿನಂತಿ. ಮಗ ಸಂಜೆ ಬಂದು "ಅಬ್ಬಾ, ಇವತ್ತು ಮೆಷಿನ್ನು ಮುರಿಯಿತು" ಎಂದರೆ, ಎಷ್ಟು ರೂಪಾಯಿಯದು ಎಂದು ಮೊದಲು ಕೇಳಬೇಡಿ. ಕೈಗೆ ಪೆಟ್ಟಾಯಿತೇ ಎಂದು ಕೇಳಿ. ಉಸ್ತಾದರಿಗೆ ಹೇಳಿದೆಯಾ ಎಂದು ಆಮೇಲೆ ಕೇಳಿ. ಬೆಲೆಯ ವಿಷಯ ಮೂರನೆಯದಾಗಿರಲಿ.