ಭಿನ್ನರಾಶಿ ಮತ್ತು ನನ್ನ ಕ್ಯಾಮೆರಾ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ನಾನು 1991ರಲ್ಲಿ ಈ ಶಾಲೆಯಿಂದ ಎಸ್ಸೆಸ್ಸೆಲ್ಸಿ ಪಾಸಾದವನು. ನನಗಿಂತ ಮೊದಲು ಇಲ್ಲಿ ಡಾಕ್ಟರಾದವರು, ಎಂಜಿನಿಯರಾದವರು, ಸೈನ್ಯದಲ್ಲಿದ್ದು ಬಂದವರು ಮಾತಾಡಿದರು. ನಾನು ಬಸ್ ಕಂಡಕ್ಟರ್. ರಜೆ ಸಿಕ್ಕಾಗ ಫೋಟೋ ತೆಗೆಯುತ್ತೇನೆ. ನಿನ್ನೆಯಿಂದ ಈ ಮೈದಾನದಲ್ಲಿ ಕ್ಯಾಮೆರಾ ನೇತು ಹಾಕಿಕೊಂಡು ಎಲ್ಲರಿಗೂ ಅಡ್ಡ ಬರುತ್ತಿರುವವನು ನಾನೇ. "ಕ್ಯಾಮೆರಾ ವಿಷಯ ನಾಲ್ಕು ಮಾತು ಹೇಳಪ್ಪ, ಮಕ್ಕಳಿಗೆ ಉಪಯೋಗ ಆಗ್ತದೆ" ಎಂದು ಸಮಿತಿಯವರು ಕೇಳಿದರು. ಹೇಳುತ್ತೇನೆ. ಆದರೆ ನಾನು ಕೆಡಿಸಿದ ಫೋಟೋಗಳಿಂದಲೇ ಶುರು ಮಾಡಬೇಕು.

2014ರಲ್ಲಿ ಇದೇ ಮೈದಾನದಲ್ಲಿ ನಾವು ಗುರುವಂದನೆ ಮಾಡಿದ್ದು ನಿಮಗೆ ನೆನಪಿರಬಹುದು. ಅದಕ್ಕೆ ಒಂದು ವರ್ಷ ಮೊದಲು ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಡಿಜಿಟಲ್ ಕ್ಯಾಮೆರಾ ಕೊಂಡಿದ್ದೆ. ಅದರ ತಲೆಯ ಮೇಲಿನ ತಿರುಗಣೆಯಲ್ಲಿ 'ಆಟೋ' ಎಂಬುದೊಂದು ಬಿಟ್ಟು ಬೇರೆ ಏನನ್ನೂ ಮುಟ್ಟಿದವನಲ್ಲ. ಫ್ಲ್ಯಾಷ್ ಹೊಡೆದರೆ ಹಿರಿಯರ ಕಣ್ಣಿಗೆ ತೊಂದರೆಯೆಂದು ಅದನ್ನೂ ಬಂದ್ ಮಾಡಿದ್ದೆ. ನಮ್ಮ ಗಣಿತದ ಮೇಷ್ಟ್ರು, ಹೆಸರು ಹೇಳಬೇಕಾಗಿಲ್ಲ, ನಿಮಗೆಲ್ಲ ಗೊತ್ತು, ಅಂದು ಬಿಳಿ ಪಂಚೆ, ಬಿಳಿ ಅಂಗಿ ತೊಟ್ಟು ಶಾಮಿಯಾನದ ನೆರಳಲ್ಲಿ ಕೂತಿದ್ದರು. ಅವರ ಬೆನ್ನ ಹಿಂದೆ ಮಧ್ಯಾಹ್ನದ ಬಿಸಿಲು ಬಿದ್ದ ಬಯಲು. ಯಾರೋ ಹಳೆಯ ತರಲೆಯೊಂದನ್ನು ನೆನಪಿಸಿದಾಗ ಮೇಷ್ಟ್ರು ಬಾಯಿ ತುಂಬ ನಕ್ಕರು. ನಾನು ಕ್ಲಿಕ್ಕಿಸುತ್ತಲೇ ಇದ್ದೆ. ಒಟ್ಟು 140 ಫೋಟೋ. ಬಿಸಿಲಿಗೆ ಪರದೆ ಸರಿಯಾಗಿ ಕಾಣಲಿಲ್ಲ, ನಾನೂ ನಿಂತು ನೋಡಲಿಲ್ಲ.

ಎರಡು ವರ್ಷದ ಮೇಲೆ ಮೇಷ್ಟ್ರು ತೀರಿಕೊಂಡರು. ಹನ್ನೊಂದನೇ ದಿನಕ್ಕೆ ಕಟ್ಟು ಹಾಕಿಸಲು ಒಂದು ಫೋಟೋ ಬೇಕೆಂದು ಅವರ ಮಗ ಫೋನ್ ಮಾಡಿದ. "ನನ್ನ ಹತ್ತಿರ ಬೇಕಾದಷ್ಟಿವೆ" ಎಂದೆ. ರಾತ್ರಿ ಡ್ಯೂಟಿ ಮುಗಿಸಿ ಬಂದು ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ, ಹಿಂದಿನ ಬಯಲು ಚೆನ್ನಾಗಿ ಬಂದಿದೆ, ಅಲ್ಲಿ ಮೇಯುವ ಹಸು ಕೂಡ ಚೆನ್ನಾಗಿ ಬಂದಿದೆ, ಮೇಷ್ಟ್ರ ಮುಖ ಮಾತ್ರ ಕಪ್ಪು. ನಗುತ್ತಿದ್ದ ಬಾಯಿ, ಕನ್ನಡಕದ ಹಿಂದಿನ ಕಣ್ಣು, ಒಂದೂ ಕಾಣದು. ಕಂಪ್ಯೂಟರಿನಲ್ಲಿ ಬೆಳಕು ಏರಿಸಿದೆ. ಮುಖದ ತುಂಬ ರವೆ ಚೆಲ್ಲಿದಂತಾಯಿತು. ಕೊನೆಗೆ ಅವರು ಯಾವುದೋ ಗುರುತಿನ ಚೀಟಿಯ ಫೋಟೋವನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದರು. ಮೇಷ್ಟ್ರ ಮನೆಯವರು ಅದನ್ನು ನೋಡಿ, "ಇವರು ಯಾವತ್ತೂ ಹಿಂಗೆ ಬಿಕ್ಕೊಂಡು ಕೂತೋರಲ್ಲ ಕಣಪ್ಪ" ಅಂದರು. ನಾನು ತಲೆ ತಗ್ಗಿಸಿದೆ.

ತಪ್ಪು ಕ್ಯಾಮೆರಾದ್ದಲ್ಲ. ಅದು ತನಗೆ ಗೊತ್ತಿರುವ ಕೆಲಸವನ್ನೇ ಮಾಡಿತ್ತು. ಇದು ನನಗೆ ತಿಳಿದದ್ದು ನಮ್ಮ ಪೇಟೆಯ ಹಳೆಯ ಸ್ಟುಡಿಯೋ ಒಂದರ ಯಜಮಾನರಿಂದ. ಅವರು ರೀಲಿನ ಕಾಲದವರು. ಮೈಸೂರಿನ ಟಿ. ಎಸ್. ಸತ್ಯನ್ ಅಂಥವರು ದೇಶವೆಲ್ಲ ಸುತ್ತಿ ಫೋಟೋ ತೆಗೆದದ್ದೂ ರೀಲಿನಲ್ಲೇ. ಒಂದು ರೀಲಿಗೆ 36 ಫೋಟೋ. ತೊಳೆದು ನೋಡುವವರೆಗೆ ಏನು ಬಂದಿದೆಯೆಂದು ಗೊತ್ತಾಗದು. ಹಾಗಾಗಿ ಅವರು ಕ್ಲಿಕ್ಕಿಸುವ ಮೊದಲೇ ಲೆಕ್ಕ ಹಾಕುತ್ತಿದ್ದರು. ನಾನು 140 ಕ್ಲಿಕ್ಕಿಸಿಯೂ ಲೆಕ್ಕ ಹಾಕಿರಲಿಲ್ಲ.

ಯಜಮಾನರು ಮೊದಲ ದಿನ ನನ್ನಿಂದ ಒಂದು ಕರಿ ಕೊಡೆ, ಒಂದು ಬಿಳಿ ಪಂಚೆ ತರಿಸಿದರು. ಚೌಕಟ್ಟಿನ ತುಂಬ ಕೊಡೆಯೇ ಕಾಣುವಂತೆ ಆಟೋದಲ್ಲಿ ಒಂದು ಫೋಟೋ, ಪಂಚೆಯೇ ಕಾಣುವಂತೆ ಇನ್ನೊಂದು. ನೋಡಿದರೆ ಕೊಡೆಯೂ ಬೂದಿ ಬಣ್ಣ, ಪಂಚೆಯೂ ಬೂದಿ ಬಣ್ಣ! ಕ್ಯಾಮೆರಾದ ಒಳಗಿನ ಮೀಟರು ಎಲ್ಲದರ ಸರಾಸರಿ ತೆಗೆದು ನಡು ಬೂದಿಗೆ ತರಲು ನೋಡುತ್ತದೆ. ಮುಂದೆ ಇರುವುದು ಕೊಡೆಯೋ ಪಂಚೆಯೋ ಅದಕ್ಕೆ ತಿಳಿಯದು. ಗುರುವಂದನೆಯ ದಿನ ಅದು ಬಿಸಿಲಿನ ಬಯಲನ್ನೂ ಬಿಳಿ ಅಂಗಿಯನ್ನೂ ಕಂಡು "ಬೆಳಕು ಜಾಸ್ತಿಯಾಯಿತು" ಎಂದು ಕಡಿಮೆ ಮಾಡಿತ್ತು. ಫೋಟೋ ಯಾರದ್ದು ಎಂದು ಅದಕ್ಕೆ ಹೇಳಬೇಕಾದವನು ನಾನು. ನಾನು ಹೇಳಿರಲಿಲ್ಲ.

ಹೇಳುವ ದಾರಿಯೇ ತಿರುಗಣೆಯಲ್ಲಿರುವ 'ಎಂ' ಅಕ್ಷರ, ಅಂದರೆ ಮ್ಯಾನುಯಲ್. ಅಲ್ಲಿ ಮೂರು ಹಿಡಿತಗಳಿವೆ. ಲೆನ್ಸಿನ ಕಿಂಡಿ ಎಷ್ಟು ತೆರೆಯಬೇಕು, ಅದು ಅಪರ್ಚರ್. ಬಾಗಿಲು ಎಷ್ಟು ಹೊತ್ತು ತೆರೆದಿರಬೇಕು, ಅದು ಶಟರ್. ಬಂದ ಬೆಳಕನ್ನು ಎಷ್ಟು ಹೆಚ್ಚಿಸಿಕೊಳ್ಳಬೇಕು, ಅದು ಐಎಸ್‌ಒ.

ಮೊದಲ ವಾರ ನನಗೆ ಎಲ್ಲವೂ ತಲೆಕೆಳಗು. ಎಫ್ 8ಕ್ಕೆ ಇಟ್ಟರೆ ಕತ್ತಲು, ಎಫ್ 4ಕ್ಕೆ ಇಟ್ಟರೆ ಬೆಳಕು. ದೊಡ್ಡ ಸಂಖ್ಯೆಗೆ ಕಡಿಮೆ ಬೆಳಕು ಯಾಕೆ? ಯಜಮಾನರು ನಕ್ಕು, "ಅದು ಬರಿ 8 ಅಲ್ಲ ಮಾರಾಯ, ಎಂಟನೇ ಒಂದು ಪಾಲು" ಎಂದರು. 50 ಮಿಲಿಮೀಟರ್ ಲೆನ್ಸಿನಲ್ಲಿ ಎಫ್ 2 ಎಂದರೆ 50ನ್ನು 2ರಿಂದ ಭಾಗಿಸಬೇಕು, ಕಿಂಡಿಯ ವ್ಯಾಸ 25 ಮಿಲಿಮೀಟರ್. ಎಫ್ 8 ಎಂದರೆ 6 ಮಿಲಿಮೀಟರಿಗೆ ಸ್ವಲ್ಪ ಹೆಚ್ಚು.

ಆಗ ನನಗೆ ಎಂಟನೇ ತರಗತಿ ಕಣ್ಣ ಮುಂದೆ ಬಂತು. ಒಂದನೇ ಎರಡಕ್ಕಿಂತ ಒಂದನೇ ಎಂಟು ದೊಡ್ಡದು ಎಂದು ಕರಿಹಲಗೆಯ ಮೇಲೆ ಬರೆದವನು ನಾನು. ಮೇಷ್ಟ್ರು ಹೊಡೆಯಲಿಲ್ಲ. "ಒಂದು ಮುದ್ದೇನ ಇಬ್ಬರು ಹಂಚ್ಕೊಂಡ್ರೆ ನಿನಗೆಷ್ಟು, ಎಂಟು ಜನ ಹಂಚ್ಕೊಂಡ್ರೆ ನಿನಗೆಷ್ಟು? ಕೆಳಗಿನ ಸಂಖ್ಯೆ ದೊಡ್ಡದಾದಷ್ಟೂ ನಿನ್ನ ತುತ್ತು ಚಿಕ್ಕದು ಕಣೋ" ಅಂದಿದ್ದರು. ಶಟರಿನದೂ ಅದೇ ಲೆಕ್ಕ. ಸೆಕೆಂಡಿನ 250ನೇ ಒಂದು ಪಾಲು 125ನೇ ಒಂದು ಪಾಲಿನ ಅರ್ಧ. ಎಫ್ ಸಂಖ್ಯೆಗಳು 2, 2.8, 4, 5.6, 8 ಎಂದು ಏರುವುದು ಯಾಕೆಂದರೆ, ಪ್ರತಿ ಹೆಜ್ಜೆಯೂ ಎರಡರ ವರ್ಗಮೂಲದಷ್ಟು, ಅಂದರೆ ಸುಮಾರು 1.4 ಪಟ್ಟು, ಆಗ ಕಿಂಡಿಯ ವಿಸ್ತೀರ್ಣ ಸರಿಯಾಗಿ ಅರ್ಧಕ್ಕೆ ಇಳಿಯುತ್ತದೆ. ವರ್ಗಮೂಲ ಯಾವ ಕೆಲಸಕ್ಕೆ ಬರುತ್ತದೆಂದು ಆಗ ಬೆಂಚಿನ ಕೆಳಗೆ ನಕ್ಕವರಲ್ಲಿ ನಾನೂ ಒಬ್ಬ. ಮೇಷ್ಟ್ರ ಮುಖ ಕಾಣುವಂತೆ ಫೋಟೋ ತೆಗೆಯಲು ಬೇಕಾದ ಲೆಕ್ಕವನ್ನು ಮೇಷ್ಟ್ರೇ ನನಗೆ ಕಲಿಸಿಟ್ಟಿದ್ದರು. ನಾನು ಅದನ್ನು ತೆಗೆದು ಬಳಸಿದ್ದು ಅವರು ಹೋದ ಮೇಲೆ.

ಬೆಳಕು ಎರಡು ಪಟ್ಟಾದರೆ ಅಥವಾ ಅರ್ಧವಾದರೆ ಫೋಟೋದವರು ಅದನ್ನು ಒಂದು 'ಸ್ಟಾಪ್' ಎನ್ನುತ್ತಾರೆ. ಕಂಡಕ್ಟರನಿಗೆ ಸ್ಟಾಪಿನ ಲೆಕ್ಕ ಹೇಳಿಕೊಡಬೇಕೇ! ಉಳಿದದ್ದು ಚಿಲ್ಲರೆ ವ್ಯವಹಾರ. ನೂರರ ನೋಟಿಗೆ ಎರಡು ಐವತ್ತು ಕೊಟ್ಟರೂ ಒಂದೇ, ಐದು ಇಪ್ಪತ್ತು ಕೊಟ್ಟರೂ ಒಂದೇ. ಹಾಗೆಯೇ ಎಫ್ 5.6ಕ್ಕೆ 1/125, ಎಫ್ 4ಕ್ಕೆ 1/250, ಎಫ್ 8ಕ್ಕೆ 1/60, ಮೂರರಲ್ಲೂ ಬೆಳಕಿನ ಮೊತ್ತ ಒಂದೇ. ಆದರೆ ಫೋಟೋ ಒಂದೇ ಅಲ್ಲ. ಕಿಂಡಿ ದೊಡ್ಡದಾದರೆ ಮುಖ ಸ್ಪಷ್ಟ, ಹಿಂದಿನದು ಮಸುಕು. ಕಿಂಡಿ ಚಿಕ್ಕದಾದರೆ ಮುಂದಿನ ಸಾಲೂ ಹಿಂದಿನ ಸಾಲೂ ಸ್ಪಷ್ಟ. ಓಡುವ ಹುಡುಗನನ್ನು ಹಿಡಿದು ನಿಲ್ಲಿಸಲು 1/500 ಬೇಕು. 1/30ಕ್ಕೆ ಇಟ್ಟರೆ ಅವನ ಕಾಲು ಹೊಗೆಯಂತೆ ಕಾಣುತ್ತದೆ. ಐಎಸ್‌ಒ ಅಂದರೆ ಕೈಸಾಲ. ಕತ್ತಲಲ್ಲಿ ತೆಗೆದುಕೊಳ್ಳಲೇಬೇಕು, ಆದರೆ ಜಾಸ್ತಿಯಾದರೆ ರವೆ ರವೆಯಾಗಿ ಬಡ್ಡಿ ಕಟ್ಟಬೇಕು.

ಇದನ್ನೆಲ್ಲ ವಾರದ ರಜೆಯಲ್ಲಿ ಅಭ್ಯಾಸ ಮಾಡಿದೆ. ಡಿಪೋದಲ್ಲಿ ಬೆಳಗಿನ ಜಾವ ಹೊರಡುವ ಬಸ್ಸು, ಒಲೆ ಮುಂದೆ ಕೂತ ನಮ್ಮವ್ವ, ಬಾವಿಕಟ್ಟೆ. "ದಿನಾ ಇರೋಳ್ನ ಎಷ್ಟು ಸಲ ತೆಗೀತೀಯೋ" ಎಂದು ಅವ್ವ ಬೈಯುತ್ತಿದ್ದಳು. ಪ್ರತಿ ಫೋಟೋದ ಮೂರು ಸಂಖ್ಯೆಗಳನ್ನು ಹಳೆಯ ಡೈರಿಯೊಂದರಲ್ಲಿ ಬರೆದಿಟ್ಟೆ. ಬಿಸಿಲಿನ ದಿನ ಎಫ್ 16 ಇಟ್ಟು, ಐಎಸ್‌ಒ 100 ಇದ್ದರೆ ಶಟರನ್ನು ಸುಮಾರು 1/100ಕ್ಕೆ ಇಡಬೇಕೆಂಬ ರೀಲಿನ ಕಾಲದ ಸೂತ್ರ ಬಾಯಿಪಾಠವಾಯಿತು. ಪರದೆಯ ಮೇಲೆ ಹಿಸ್ಟೋಗ್ರಾಮ್ ಎಂಬ ನಕ್ಷೆ ಬರುತ್ತದೆ. ಅದರ ಗುಡ್ಡ ಎಡಕ್ಕೆ ಒರಗಿದ್ದರೆ ಕತ್ತಲು ಹೆಚ್ಚು, ಬಲಕ್ಕೆ ಒರಗಿದ್ದರೆ ಬೆಳಕು ಹೆಚ್ಚು. ಪರದೆಯ ಚಿತ್ರ ಬಿಸಿಲಲ್ಲಿ ಮೋಸ ಮಾಡಬಹುದು, ಈ ನಕ್ಷೆ ಮಾಡುವುದಿಲ್ಲ.

ಆಮೇಲೊಂದು ದಿನ ಮೇಷ್ಟ್ರ ಮನೆಗೆ ಹೋಗಿದ್ದೆ. ಅಮ್ಮನವರು ಜಗಲಿಯ ನೆರಳಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು, ಹಿಂದೆ ಅಂಗಳದ ಬಿಸಿಲು. ಅದೇ ಬೆಳಕು. ಹತ್ತಿರ ಹೋಗಿ ಅವರ ಮುಖದ ಬೆಳಕನ್ನಷ್ಟೇ ಅಳೆದೆ. ಐಎಸ್‌ಒ 400, ಎಫ್ 5.6, 1/125. ಆಟೋಗೆ ಬಿಟ್ಟಿದ್ದರೆ ಬರುತ್ತಿದ್ದದ್ದಕ್ಕಿಂತ ಮೂರು ಸ್ಟಾಪ್, ಅಂದರೆ ಎಂಟು ಪಟ್ಟು ಹೆಚ್ಚು ಬೆಳಕು. ಅಂಗಳ ಬೆಳ್ಳಗೆ ಕರಗಿಹೋಯಿತು, ಹೋಗಲಿ. ಅಮ್ಮನವರ ಕಣ್ಣು, ನೆರಿಗೆ, ಮೂಗುಬೊಟ್ಟು ಎಲ್ಲ ಬಂತು. ತೋರಿಸಿದೆ. ಬಹಳ ಹೊತ್ತು ನೋಡಿ, "ನಿಮ್ಮ ಮೇಷ್ಟ್ರುದೂ ಹಿಂಗೇ ತೆಗಿಬೇಕಿತ್ತು ಕಣಪ್ಪ" ಅಂದರು. ಅದಕ್ಕೆ ಉತ್ತರ ನನ್ನ ಹತ್ತಿರ ಇಂದಿಗೂ ಇಲ್ಲ.

ಮಕ್ಕಳೇ, ನಿಮ್ಮಲ್ಲಿ ಯಾರಿಗಾದರೂ ಆಸಕ್ತಿ ಇದ್ದರೆ ನಾನು ಊರಿನಲ್ಲಿರುವ ದಿನ ಬನ್ನಿ, ಕ್ಯಾಮೆರಾ ಕೈಗೆ ಕೊಡುತ್ತೇನೆ. ಬರುವಾಗ ಒಂದು ಕರಿ ಕೊಡೆ, ಒಂದು ಬಿಳಿ ಪಂಚೆ ತನ್ನಿ. ಭಿನ್ನರಾಶಿ ಮರೆತು ಬರಬೇಡಿ.

ಇವತ್ತು ನಾಲ್ಕು ಗಂಟೆಗೆ ಎಲ್ಲರ ಗುಂಪು ಫೋಟೋ ಇದೆ. ದಯವಿಟ್ಟು ಬಯಲಿಗೆ ಬೆನ್ನು ಮಾಡಿ ನಿಲ್ಲಬೇಡಿ, ಶಾಲೆಯ ಗೋಡೆಗೆ ಬೆನ್ನು ಮಾಡಿ. ಗುರುಗಳು ಮುಂದಿನ ಸಾಲಿನಲ್ಲಿ ಕೂರಲಿ. ಎಫ್ 8ಕ್ಕೆ ಇಡುತ್ತೇನೆ, ಕೊನೆಯ ಸಾಲಿನ ಕೊನೆಯವರ ಮುಖವೂ ಬರುತ್ತದೆ. ಈ ಸಲ ತೆಗೆದ ಮೇಲೆ ನಿಂತು ನೋಡುತ್ತೇನೆ. ಸರಿಯಾಗಿ ಬಂದಿಲ್ಲವಾದರೆ ಇನ್ನೊಮ್ಮೆ ನಿಲ್ಲಿಸುತ್ತೇನೆ. ಬಿಸಿಲೆಂದು ಯಾರೂ ಬೇಸರ ಮಾಡಿಕೊಳ್ಳಬಾರದು.