ಜೇಬಿನ ಚಾಕು: ಮೊದಲು ಲಾಕ್ ನೋಡಿ

ಇವತ್ತು ಮಡಚೋ ಚಾಕು: ಫ್ರಾನ್ಸಿನ ಒಪಿನೆಲ್ ನಂಬರ್ 8. ಬ್ಲೇಡು 8.5 ಸೆಂಟಿಮೀಟರ್, ಹಿಡಿ ಬೀಚ್ ಮರದ್ದು. ಒಪಿನೆಲ್ ಶುರುವಾಗಿದ್ದು 1890ರಲ್ಲಿ. ನನಗೆ ಮುಖ್ಯ ಅನಿಸೋದು 1955ರಲ್ಲಿ ಬಂದ ಲಾಕ್ ಉಂಗುರ. ಲಾಕ್ ಇಲ್ಲದ ಚಾಕುವಿನ ತುದಿ ಒತ್ತಿ ಚುಚ್ಚಿದರೆ ಬ್ಲೇಡು ಮಡಚಿ ಸೀದಾ ಬೆರಳ ಮೇಲೆ ಬರಬಹುದು. ಇದರಲ್ಲಿ ಉಂಗುರ ತಿರುಗಿಸಿದರೆ ಬ್ಲೇಡು ಗಟ್ಟಿ ನಿಲ್ಲುತ್ತೆ. ಆದರೆ ತಿರುಗಿಸಬೇಕಾದೋರು ನೀವೇ, ತಾನಾಗಿ ಲಾಕ್ ಆಗಲ್ಲ. ಅವಸರದಲ್ಲಿ ಮರೆಯೋರಿಗೆ ನಾನಂತೂ ಇದನ್ನ ಹೇಳಲ್ಲ.

ಕಾರ್ಬನ್ ಸ್ಟೀಲ್ ಬೇಗ ಹರಿತ ಆಗುತ್ತೆ, ನಿಂಬೆಹಣ್ಣು ಕೊಯ್ದು ಒರೆಸದೆ ಇಟ್ರೆ ಕಪ್ಪಾಗುತ್ತೆ. ಕರಾವಳಿಯವರು ಸ್ಟೇನ್‌ಲೆಸ್ಸೇ ತಗೊಳ್ಳಿ. ಮಳೆಗಾಲದಲ್ಲಿ ಮರ ಉಬ್ಬಿ ಬ್ಲೇಡು ಬಿಗಿಯಾದ್ರೆ, ಹಿಡಿಯ ಹಿಂಬದಿಯನ್ನ ಮೇಜಿಗೆ ಕುಟ್ಟಿ, ಹೊರಗೆ ಬರುತ್ತೆ. ವಿಮಾನ ಹತ್ತೋ ದಿನ ಮಾತ್ರ ಜೇಬಲ್ಲಿ ಬೇಡ, ಚೆಕ್-ಇನ್ ಬ್ಯಾಗಿಗೆ ಹಾಕಿ.